ಹಳೆಯ ಫ್ರೆಂಚ್ ಚಿತ್ರದಲ್ಲಿ ಯಾರಿದ್ದಾರೆ, ಯಾರಿಲ್ಲ: ನೋಡುವ ಬಗೆ

ಬೆಂಗಳೂರಿನ ಯಾವುದಾದರೂ ಫಿಲಂ ಸೊಸೈಟಿಯಲ್ಲಿ ಫ್ರೆಂಚ್ ನಿರ್ದೇಶಕ ಝಾನ್ ಕಾಕ್ತೋ ಅವರ 1946ರ ‘ಬ್ಯೂಟಿ ಅಂಡ್ ದಿ ಬೀಸ್ಟ್’ (ಶಾಪದಿಂದ ಮೃಗವಾದ ರಾಜಕುಮಾರ ಹಾಗೂ ಸುಂದರಿಯೊಬ್ಬಳ ಕಥೆ) ಕುರಿತು ಚರ್ಚೆ ನಡೆಸುವವರು ಮೊದಲು ಪಾತ್ರಗಳನ್ನು ಪಟ್ಟಿಮಾಡಿ, ಪ್ರತಿಯೊಂದರ ಮುಂದೆ ಲಿಂಗ, ವರ್ಗ, ಬಣ್ಣ ಹಾಗೂ ಮಾತಿನ ಪಾಲನ್ನು ಗುರುತು ಹಾಕಿಕೊಳ್ಳಬೇಕು. ಮುಖ್ಯ ಪಾತ್ರಧಾರಿಗಳೆಲ್ಲ ಬಿಳಿಯರೆಂಬುದು ಬೇಗನೆ ತಿಳಿಯುತ್ತದೆ. ಅಲ್ಲಿಗೇ ನಿಲ್ಲಿಸಿದರೆ ಅದು ಬರಿಯ ತಲೆ ಎಣಿಕೆ.

ಆಮೇಲೆ ದುಡಿಯುವವರನ್ನು ಗಮನಿಸಿ. ಮೃಗದ ಕೋಟೆಯಲ್ಲಿ ಗೋಡೆಯಿಂದ ಚಾಚಿದ ತೋಳುಗಳು ದೀಪಗಳನ್ನು ಹಿಡಿದಿವೆ, ಊಟದ ಮೇಜಿನ ಮೇಲಿನ ಕೈಯೊಂದು ಅತಿಥಿಗೆ ಪಾನೀಯ ಸುರಿಯುತ್ತದೆ, ಆದರೆ ಆ ಕೈಗಳ ಒಡೆಯರಿಗೆ ಹೆಸರಾಗಲಿ ಮುಖವಾಗಲಿ ಇಲ್ಲ. ನನ್ನ ಮಟ್ಟಿಗೆ, ಚರ್ಚೆಯ ಹೆಚ್ಚಿನ ಸಮಯ ಸಲ್ಲಬೇಕಾದದ್ದು ಇದಕ್ಕೇ.

ಕೊನೆಗೆ, ಝಾನ್ ಮಾರೆ ಒಬ್ಬರೇ ಮೃಗ, ಪ್ರೇಮಿ, ರಾಜಕುಮಾರ ಮೂವರನ್ನೂ ಅಭಿನಯಿಸಿರುವುದನ್ನು ನೆನಪಿಸಿ, ವಿಕಾರ ರೂಪವನ್ನು ಕಳಚಿ ಹಾಕಬೇಕಾದ ಶಾಪವೆಂದು ಚಿತ್ರ ಒಪ್ಪುತ್ತದೆಯೇ ಎಂದು ಸಭಿಕರನ್ನು ಕೇಳಿ.