ಕಾಲುಪಾಲಿನವಳು: ಒಂದು ಸುಗ್ಗಿ ದೇವತೆಯನ್ನು ಕಟ್ಟಿದ ಕತೆ

ನಾವು ಐದು ಜನ ಸೇರಿ ಟೇಬಲ್‌ಟಾಪ್ ರೋಲ್‌ಪ್ಲೇ ಆಟ ಆಡುತ್ತೇವೆ. ಅಂದರೆ ಮೇಜಿನ ಸುತ್ತ ಕೂತು, ಮಾತಾಡುತ್ತಾ, ದಾಳ ಉರುಳಿಸುತ್ತಾ ಒಂದು ಕತೆ ನಡೆಸುವ ಆಟ. ನಾಲ್ಕು ಜನ ಪಾತ್ರ ಮಾಡುತ್ತಾರೆ, ನಾನು ಗೇಮ್ ಮಾಸ್ಟರ್. ಅಂದರೆ ಲೋಕ ಕಟ್ಟುವ ಕೆಲಸ ನನ್ನದು, ಅದನ್ನು ಕೆಡವುವ ಕೆಲಸ ಅವರದು. ಹೊಸ ಕ್ಯಾಂಪೇನ್‌ಗೆ, ಅಂದರೆ ಹಲವು ದಿನ ಮುಂದುವರಿಯುವ ಒಂದು ಕತೆಗೆ, ಪ್ರಕೃತಿ ಮತ್ತು ಸುಗ್ಗಿ ಎರಡಕ್ಕೂ ಸೇರಿ ಒಬ್ಬಳು ದೇವತೆ ಬೇಕಿತ್ತು. ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆ. ಹಸಿರು ಬಟ್ಟೆ, ಕೈಯಲ್ಲಿ ತೆನೆ, ತಲೆ ತುಂಬ ಹೂವು, ಸದಾ ನಗುಮುಖ. ಹೆಸರಂತೂ ಯಾವುದೋ ಶಾಂಪೂ ಹೆಸರಿನ ಹಾಗಿತ್ತು. ಅದನ್ನು ಇಲ್ಲಿ ಹೇಳಲ್ಲ.

ಮೊದಲ ದಿನದ ಆಟದಲ್ಲೇ ಅವಳ ಕತೆ ಮುಗಿಯಿತು. ಅವಳ ಪೂಜಾರಿಣಿಯ ಪಾತ್ರ ಮಾಡುತ್ತಿದ್ದ ಗೆಳತಿ ಕೇಳಿದಳು:

"ಕಾಡು ಕಡಿದ್ರೆ ಇವಳಿಗೆ ಸಿಟ್ಟು ಬರುತ್ತಾ?"

"ಬರುತ್ತೆ. ಪ್ರಕೃತಿ ದೇವಿ ಅಲ್ವಾ."

"ಹೊಲ ಮಾಡಿದ್ರೆ ಖುಷಿ ಆಗುತ್ತಾ?"

"ಆಗುತ್ತೆ. ಸುಗ್ಗಿ ದೇವಿನೂ ಹೌದಲ್ಲ."

"ಕಾಡು ಕಡಿಯದೆ ಹೊಲ ಹೇಗೋ ಮಾಡ್ತಾರೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಉತ್ತರ ಮಾತ್ರ ಇರಲಿಲ್ಲ.

ಮನೆಗೆ ಬಂದು ಹಳೆಯ ನಾಗರಿಕತೆಗಳು ಬೆಳೆ ದೇವತೆಯರನ್ನು ಹೇಗೆ ಕಂಡಿದ್ದವು ಅಂತ ಓದಲು ಕೂತೆ. ಈಗಿನ ಇರಾಕಿನಲ್ಲಿದ್ದ ಸುಮೇರಿನ ನಿಸಾಬಾ ಮೊದಲು ಧಾನ್ಯದ ದೇವತೆ. ಆಮೇಲೆ ಬರವಣಿಗೆಯ ದೇವತೆಯೂ ಆದಳು. ವಿಚಿತ್ರ ಅನ್ನಿಸಿತು. ಯೋಚಿಸಿದರೆ ವಿಚಿತ್ರವೇನೂ ಇಲ್ಲ. ಅಲ್ಲಿನ ಅತಿ ಹಳೆಯ ಮಣ್ಣಿನ ಹಲಗೆಗಳಲ್ಲಿ ಇರುವುದು ಕಾವ್ಯ ಅಲ್ಲ. ಹೆಚ್ಚಿನವು ಧಾನ್ಯ, ಕುರಿ, ಬಿಯರ್‌ಗಳ ಲೆಕ್ಕ. ಈಜಿಪ್ಟಿನ ರೆನೆನುಟೆಟ್‌ಗೆ ನಾಗರಹಾವಿನ ತಲೆ. ಹೊಲದಲ್ಲಿ, ಕಣಜದಲ್ಲಿ ಇಲಿ ಹಿಡಿಯುವುದು ಹಾವೇ ತಾನೆ. ಜಾವಾದಲ್ಲಿ ಭತ್ತದ ದೇವತೆ ದೇವಿ ಶ್ರೀ. ಅವಳು ಬೆದರಬಾರದು ಅಂತ ಅಲ್ಲಿ ಆನಿ-ಆನಿ ಅನ್ನುವ ಪುಟ್ಟ ಚಾಕುವಿನಿಂದ ತೆನೆ ಕೊಯ್ಯುತ್ತಿದ್ದರು. ಚಾಕು ಅಂಗೈಯೊಳಗೇ ಅಡಗಿರುತ್ತದೆ, ಒಂದೊಂದೇ ತೆನೆ ಕತ್ತರಿಸಬೇಕು. ಸಾವಿರಾರು ತೆನೆ, ಹಾಗೆ!

ಇವರಲ್ಲಿ ಯಾರೂ ಸುಮ್ನೆ ನಗುತ್ತಾ ನಿಂತವರಲ್ಲ. ಒಬ್ಬೊಬ್ಬಳ ಹಿಂದೆ ರೈತನ ಒಂದೊಂದು ಚಿಂತೆ ಇದೆ. ಇಲಿಯ ಚಿಂತೆ, ಲೆಕ್ಕದ ಚಿಂತೆ, ದೇವಿ ಬೆದರಿ ಬಿಟ್ಟುಹೋದಾಳು ಅನ್ನುವ ಚಿಂತೆ. ನನ್ನವಳಿಗೆ ಚಿಂತೆಯೇ ಇರಲಿಲ್ಲ. ಅವಳಿಗೆ ಬಟ್ಟೆ ಹೊಲಿಸುವುದು ಬಿಟ್ಟು ಲೆಕ್ಕ ಹಾಕೋಣ ಅಂದುಕೊಂಡೆ.

ನಮ್ಮ ಕತೆಯ ಊರಿನಲ್ಲಿ ನಲವತ್ತು ಮನೆ, ಸುಮಾರು 200 ಜನ. ಒಬ್ಬರಿಗೆ ವರ್ಷಕ್ಕೆ 250 ಕಿಲೋ ಕಾಳು ಅಂದರೂ 50 ಟನ್ ಬೇಕು. ಯೂರೋಪಿನ ಮಧ್ಯಯುಗದಲ್ಲಿ ಒಂದು ಗೋಧಿ ಕಾಳು ಬಿತ್ತಿ ನಾಲ್ಕು ಬಂದರೆ ಅದು ಸಾಧಾರಣ ಬೆಳೆ. ಅದನ್ನೇ ಇಟ್ಟುಕೊಂಡೆ. ಹೆಕ್ಟೇರಿಗೆ 150 ಕಿಲೋ ಬಿತ್ತಿದರೆ 600 ಬರುತ್ತದೆ. ಅದರಲ್ಲಿ 150 ಮುಂದಿನ ವರ್ಷದ ಬೀಜ. ತಿನ್ನಲು ಉಳಿಯುವುದು 450. ಹಾಗಾದರೆ 111 ಹೆಕ್ಟೇರ್ ಬಿತ್ತಬೇಕು. ಇಲಿ, ಹುಳ, ಕಂದಾಯ ಇನ್ನೂ ಲೆಕ್ಕಕ್ಕೆ ಬಂದೇ ಇಲ್ಲ.

ಈ ಲೆಕ್ಕ ಹಾಕುವಾಗ ನನ್ನ ಕಣ್ಣು ಆ 150ರ ಮೇಲೆ ನಿಂತಿತು. ಬೆಳೆಯ ನಾಲ್ಕನೇ ಒಂದು ಪಾಲು ಕಣ್ಣ ಮುಂದೆಯೇ ಇರುತ್ತದೆ, ಆದರೆ ಮುಟ್ಟುವ ಹಾಗಿಲ್ಲ. ಎಷ್ಟೇ ಹಸಿವಿರಲಿ ಮುಟ್ಟಬಾರದು. ಮುಟ್ಟಬಾರದು ಅಂತ ಜನರನ್ನು ತಡೆಯುವುದು ಯಾರು? ಅಲ್ಲಿ ನನಗೆ ದೇವಿ ಸಿಕ್ಕಳು. ಆ ಕಾಲುಪಾಲು ಅವಳದು. ಹೆಸರೂ ಅಲ್ಲೇ ಹುಟ್ಟಿತು. ಅವಳ ನಿಜವಾದ ಹೆಸರು ಊರಿನಲ್ಲಿ ಯಾರಿಗೂ ಗೊತ್ತಿಲ್ಲ, ಎಲ್ಲರೂ 'ಕಾಲುಪಾಲಿನವಳು' ಅಂತಾರೆ.

ಗುಡಿ ಬೇಡ ಅನ್ನಿಸಿತು. ಗ್ರೀಕರ ಬೆಳೆ ದೇವತೆ ಡಿಮೀಟರ್ ಕತೆಯನ್ನು ಕೆಲವು ವಿದ್ವಾಂಸರು ಒಂದು ಬಗೆಯಲ್ಲಿ ಓದುತ್ತಾರೆ: ಮಗಳು ಪರ್ಸಿಫೋನಿ ನೆಲದಡಿಗೆ ಹೋಗುವುದು ಅಂದರೆ ಬಿತ್ತನೆ ಕಾಳನ್ನು ಬೇಸಿಗೆಯಿಡೀ ನೆಲದೊಳಗೆ ಮುಚ್ಚಿಡುವುದು. ಗ್ರೀಸ್‌ನಲ್ಲಿ ಹೊಲ ಬರಡಾಗುವುದು ಬೇಸಿಗೆಯಲ್ಲೇ. ಹಾಗಾಗಿ ನನ್ನ ದೇವಿ ಇರುವುದು ಬೀಜದ ಹಗೇವಿನಲ್ಲಿ, ಅಂದರೆ ನೆಲದಲ್ಲಿ ತೋಡಿದ ಕಾಳಿನ ಗುಂಡಿಯಲ್ಲಿ. ಹಗೇವಿನ ಬಾಯಿಗೆ ಕಲ್ಲು ಚಪ್ಪಡಿ, ಅದಕ್ಕೆ ಅಡ್ಡಡ್ಡ ಸುತ್ತಿದ ಹುರಿ, ಹುರಿಯಲ್ಲಿ ಮನೆಗೊಂದು ಗಂಟು. ತಮ್ಮ ತಮ್ಮ ಗಂಟನ್ನು ಅವರವರೇ ಬಿಚ್ಚಬೇಕು. ಪೂಜೆ ಅಂದರೆ ಅಷ್ಟೇ, ವರ್ಷಕ್ಕೊಮ್ಮೆ ಕಟ್ಟುವುದು, ವರ್ಷಕ್ಕೊಮ್ಮೆ ಬಿಚ್ಚುವುದು.

ಆಟದಲ್ಲಿ ಇದು ಹೇಗೆ ಕೆಲಸ ಮಾಡಿತು ಅಂದರೆ, ಬಿತ್ತನೆಗೆ ಎರಡು ತಿಂಗಳು ಇರುವಾಗ ಊರಲ್ಲಿ ಕಾಳು ಖಾಲಿ. ಮೂವತ್ತೊಂಬತ್ತು ಮನೆಯವರು ಗಂಟು ಬಿಚ್ಚಿದರು. ಒಬ್ಬಳು ಅಜ್ಜಿ ಬಿಚ್ಚಲಿಲ್ಲ. ನಮ್ಮ ಆಟಗಾರನೊಬ್ಬ ಅವಳ ಮನವೊಲಿಸಲು ಹೋದ. ಇಪ್ಪತ್ತು ಮುಖದ ದಾಳ ಉರುಳಿಸಿದ, ಬರೀ ಮೂರು ಬಿತ್ತು. ಅಜ್ಜಿ ಅವನನ್ನು ಕೋಲು ತಗೊಂಡು ಓಡಿಸಿದಳು. ಆಮೇಲೆ ಒಂದೂವರೆ ಗಂಟೆ ನಾಲ್ಕೂ ಜನ ಮೇಜಿನ ಸುತ್ತ ಜಗಳ ಆಡಿದರು. ನಾನು ಬಾಯಿ ಬಿಡಲಿಲ್ಲ. ಗೇಮ್ ಮಾಸ್ಟರ್‌ಗೆ ಇದಕ್ಕಿಂತ ಸುಖ ಇನ್ನೊಂದಿಲ್ಲ.

ಜಗಳದ ಮಧ್ಯೆ ಒಂದು ದೊಡ್ಡ ತೂತು ಕಂಡಿತು. ನಮ್ಮ ಆಟದ ನಿಯಮದಲ್ಲಿ ಪೂಜಾರಿಣಿಗೆ ಮಂತ್ರ ಹಾಕಿ ಊಟ ಹುಟ್ಟಿಸುವ ಶಕ್ತಿ ಇದೆ! ನಾನು ಮರೆತೇ ಹೋಗಿದ್ದೆ. "ದಿನಾ ಒಂದು ಮಂತ್ರ ಹಾಕ್ತೀನಿ, ಊರಿಗೆಲ್ಲಾ ಊಟ" ಅಂದಳು. ಬೆಳೆ ಯಾಕೆ, ದೇವಿ ಯಾಕೆ, ಆಟ ಮುಗೀತು. ನಾನು ಹತ್ತು ನಿಮಿಷ ಬಿಡುವು ಕೇಳಿ ಬಾಲ್ಕನಿಗೆ ಹೋಗಿ ನಿಂತೆ. ವಾಪಸ್ ಬಂದು ಹೇಳಿದೆ: ಮಂತ್ರದ ಕಾಳು ಹೊಟ್ಟೆ ತುಂಬಿಸುತ್ತೆ, ಆದ್ರೆ ಮೊಳಕೆ ಬರಲ್ಲ. ದಿನಕ್ಕೆ ಹದಿನೈದು ಜನಕ್ಕೆ ಮಾತ್ರ ಸಾಕಾಗುತ್ತೆ. ಆ ಹದಿನೈದು ಜನ ಯಾರು ಅಂತ ನೀನೇ ಆರಿಸು. ಅವಳು ನನ್ನನ್ನೇ ಸ್ವಲ್ಪ ಹೊತ್ತು ದುರುಗುಟ್ಟಿ ನೋಡಿದಳು.

ಇನ್ನು ಆ ಮೊದಲ ಪ್ರಶ್ನೆ, ಕಾಡು ಮತ್ತು ಹೊಲ. ಇದಕ್ಕೂ ಲೆಕ್ಕವೇ ದಾರಿ ತೋರಿಸಿತು. ಮಧ್ಯಯುಗದ ಯೂರೋಪಿನಲ್ಲಿ ಹೊಲವನ್ನು ಮೂರು ಪಾಲು ಮಾಡಿ ಪ್ರತಿ ವರ್ಷ ಒಂದನ್ನು ಬೀಳು ಬಿಡುತ್ತಿದ್ದರು. ನನ್ನ ಊರಿಗೂ ಹಾಗೇ ಮಾಡಿದರೆ 111 ಹೆಕ್ಟೇರ್ ಬಿತ್ತಲು 167 ಹೆಕ್ಟೇರ್ ಕಾಡು ಕಡಿಯಬೇಕು. ಅದೆಲ್ಲಾ ಅವಳಿಂದ ತಂದ ಸಾಲ. ಬೀಳು ಬಿಟ್ಟ ಪಾಲು ಆ ವರ್ಷ ಅವಳಿಗೆ ವಾಪಸ್, ಅಲ್ಲಿ ಒಂದು ಕಳೆಯನ್ನೂ ಕೀಳುವ ಹಾಗಿಲ್ಲ. ಸಾಲದ ಗಡಿ ಎಲ್ಲಿ ಅಂತ ತೋರಿಸಲು ಹೊಲದ ಸುತ್ತ ಹಳದಿ ಹೂವಿನ ಮುಳ್ಳುಗಿಡದ ಬೇಲಿ. ಅದಕ್ಕೆ ಕೊಡಲಿ ತಾಗಿಸಬಾರದು.

ಆ ಗಿಡವನ್ನು ನಾನು ಬೇಕಂತಲೇ ಇಟ್ಟೆ. ರೋಮನ್ನರಿಗೆ ಬೆಳೆಯ ತುಕ್ಕು ರೋಗಕ್ಕೇ ಬೇರೆ ದೇವರಿದ್ದ. ಅವನ ಹೆಸರು ರೋಬಿಗಸ್. ಏಪ್ರಿಲ್ 25ರಂದು ಅವನಿಗೆ ನಾಯಿ ಬಲಿ ಕೊಡುತ್ತಿದ್ದರು. ಗೋಧಿಯ ಕಾಂಡಕ್ಕೆ ಬರುವ ತುಕ್ಕು ರೋಗ ಒಂದು ಶಿಲೀಂಧ್ರ. ಅದು ತನ್ನ ಬದುಕಿನ ಒಂದು ಹಂತವನ್ನು ಗೋಧಿಯ ಮೇಲೆ ಕಳೆದರೆ ಇನ್ನೊಂದನ್ನು ಬಾರ್ಬೆರಿ ಅನ್ನುವ ಮುಳ್ಳುಗಿಡದ ಮೇಲೆ ಕಳೆಯುತ್ತದೆ. ಇದನ್ನು ಪ್ರಯೋಗ ಮಾಡಿ ತೋರಿಸಿದವರು ಜರ್ಮನಿಯ ಆಂಟನ್ ಡೆ ಬಾರಿ, 1865ರಲ್ಲಿ. ಓದಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಬೇಲಿಯಿಂದ ಹೊಲಕ್ಕೆ ಬರುವ ರೋಗ! ನನಗೆ ಬೇಕಿದ್ದದ್ದು ಇದೇ.

ಮೊದಲ ಸುಳಿವು ಸಣ್ಣದಾಗಿ ಕೊಟ್ಟೆ. ಗೋಧಿ ಹೊಲದಲ್ಲಿ ನಡೆದು ಬಂದವನ ಪ್ಯಾಂಟಿನ ಮೇಲೆ ಇಟ್ಟಿಗೆ ಬಣ್ಣದ ಪುಡಿ. ಒರೆಸಿದರೆ ಬೆರಳಿಗೆ ಅಂಟುತ್ತದೆ. ಊರಿನವರು ದೇವಿಗೆ ಸಿಟ್ಟು ಬಂದಿದೆ ಅಂತ ಬೇಲಿಗೆ ಇನ್ನಷ್ಟು ಗಿಡ ನೆಟ್ಟರು. ಮರುವರ್ಷ ರೋಗ ಜಾಸ್ತಿ ಆಯಿತು. ನಮ್ಮವರಿಗೆ ಹೊಳೆಯಲು ಮೂರು ಸೆಷನ್ ಬೇಕಾಯಿತು. ಕೊನೆಗೆ ಆ ಪೂಜಾರಿಣಿಯೇ ಬೇಲಿಯ ಒಂದು ಎಲೆ ಮಗುಚಿ ನೋಡುತ್ತೀನಿ ಅಂದಳು. ಎಲೆಯಡಿಯಲ್ಲಿ ಸಾಸಿವೆಗಿಂತ ಚಿಕ್ಕ ಕಿತ್ತಳೆ ಬಟ್ಟಲುಗಳು, ಗುಂಪು ಗುಂಪಾಗಿ ಇವೆ ಅಂತ ಹೇಳಿದೆ. ಮೇಜಿನ ಸುತ್ತ ಎಲ್ಲರೂ ಒಂದು ಕ್ಷಣ ಸುಮ್ಮನಾದರು.

"ಕಡಿದ್ರೆ ದೇವಿ ಮಾತು ಮೀರಿದ ಹಾಗೆ. ಕಡೀದಿದ್ರೆ ಅವಳ ಕಾಲುಪಾಲೂ ಉಳಿಯಲ್ಲ" ಅಂದಳು.

"ನಿನ್ನ ದೇವಿ. ನೀನೇ ಹೇಳು."

ಕಡಿಯುತ್ತಾಳೆ, ಇಲ್ಲ ಬಿಡುತ್ತಾಳೆ ಅಂತ ಎರಡಕ್ಕೂ ನಾನು ತಯಾರಾಗಿದ್ದೆ. ಅವಳು ಎರಡನ್ನೂ ಆರಿಸಲಿಲ್ಲ. "ಸಾಲ ಅಂದೆ ಅಲ್ವಾ? ಹಾಗಾದ್ರೆ ಬೇಲಿನೂ ಅವಳಿಗೆ ವಾಪಸ್ ಕೊಡೋಣ. ಕೊಡಲಿ ಮುಟ್ಟಲ್ಲ. ಬೇರು ಸಮೇತ ಅಗೆದು ಕಾಡಿನ ಒಳಗೆ, ತುಂಬಾ ದೂರ ತಗೊಂಡು ಹೋಗಿ ನೆಡ್ತೀವಿ" ಅಂದಳು.

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಈಗ ನಲವತ್ತು ಮನೆಯವರು ದಿನಕ್ಕೆ ಎಷ್ಟು ಗಿಡ ಕೀಳಬಲ್ಲರು, ಅಷ್ಟು ದೂರ ಹೊರಲು ಎಷ್ಟು ಜನ ಬೇಕು ಅಂತ ಶನಿವಾರದೊಳಗೆ ಲೆಕ್ಕ ಹಾಕಬೇಕು. ಹೊಲದಲ್ಲಿ ಪೈರು ಆಗಲೇ ಮೊಣಕಾಲುದ್ದ ಬಂದಿದೆ.