ಹೊಸ ಕ್ರೆಡಿಟ್ ಕಾರ್ಡನ್ನು ಸುರಕ್ಷಿತವಾಗಿ ಸಕ್ರಿಯಗೊಳಿಸಿದ ಬಗೆ

ಹೊಸ ಕ್ರೆಡಿಟ್ ಕಾರ್ಡಿಗೆ ಬ್ಯಾಂಕಿನ ಆ್ಯಪ್‌ನಲ್ಲಿ ಪಿನ್ ಹೊಂದಿಸಿದ ಮೇಲೆ ಅಂಗಡಿಯ ಯಂತ್ರದಲ್ಲಿ ಅದು ನಡೆಯಿತಾದರೂ, ವಿದ್ಯುತ್ ಬಿಲ್ಲನ್ನು ಆನ್‌ಲೈನ್‌ನಲ್ಲಿ ಕಟ್ಟಲು ಹೋದಾಗ ಪಾವತಿ ತಿರಸ್ಕೃತವಾಗುತ್ತಿತ್ತು. ಅದೇ ಹೊತ್ತಿಗೆ ಬ್ಯಾಂಕಿನವನೆಂದು ಹೇಳಿಕೊಂಡ ಒಬ್ಬಾತ ಕರೆ ಮಾಡಿ, ಒಟಿಪಿ ಹೇಳಿದರೆ ಎಲ್ಲವನ್ನೂ ತಾನೇ ಸಕ್ರಿಯಗೊಳಿಸುವುದಾಗಿಯೂ ತಡಮಾಡಿದರೆ ದಂಡ ಬೀಳುವುದಾಗಿಯೂ ತಿಳಿಸಿದ. ಆ ಕರೆಯನ್ನು ಕಡಿದು, ಕಾರ್ಡಿನ ಹಿಂಬದಿಯಲ್ಲಿ ಮುದ್ರಿಸಿರುವ ಸಂಖ್ಯೆಗೆ ನಾನೇ ಕರೆ ಮಾಡಿದೆ.

ಪಾವತಿ ತಿರಸ್ಕೃತವಾಗುತ್ತಿದ್ದ ಕಾರಣ ಸರಳವಾಗಿತ್ತು. ರಿಸರ್ವ್ ಬ್ಯಾಂಕಿನ 2020ರ ಸೂಚನೆಯಂತೆ ಹೊಸ ಕಾರ್ಡುಗಳು ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರಗಳಲ್ಲಿ ಮಾತ್ರ ಬಳಕೆಗೆ ತೆರೆದಿರುತ್ತವೆ. ಆನ್‌ಲೈನ್, ವಿದೇಶಿ ಹಾಗೂ ಸ್ಪರ್ಶರಹಿತ (ಕಾರ್ಡನ್ನು ಯಂತ್ರಕ್ಕೆ ತೂರಿಸದೆ ಹತ್ತಿರ ಹಿಡಿದು ಮಾಡುವ) ವಹಿವಾಟುಗಳನ್ನು ಕಾರ್ಡುದಾರರೇ ಆರಿಸಿ ತೆರೆಯಬೇಕು. ಆ್ಯಪ್‌ನಲ್ಲಿ ಆನ್‌ಲೈನ್ ಬಳಕೆಯನ್ನಷ್ಟೇ ತೆರೆದು, ನನ್ನ ತಿಂಗಳ ಖರ್ಚಿಗೆ ತಕ್ಕ ಮಿತಿ ಹಾಕಿದ ಕೂಡಲೇ ಬಿಲ್ಲು ಪಾವತಿಯಾಯಿತು. ಪಿನ್ ಇಲ್ಲದೆ 5,000 ರೂಪಾಯಿವರೆಗೆ ಹಣ ಹೋಗಬಲ್ಲ ಸ್ಪರ್ಶರಹಿತ ಪಾವತಿ, ಅನುಕೂಲವಿದ್ದರೂ, ನನಗೆ ಬೇಡವೆನಿಸಿತು.

ದಂಡದ ಮಾತಂತೂ ಶುದ್ಧ ಸುಳ್ಳು: ವಿತರಿಸಿ 30 ದಿನ ಮೀರಿದರೂ ಸಕ್ರಿಯವಾಗದ ಕಾರ್ಡಿಗೆ ಬ್ಯಾಂಕು ಒಟಿಪಿ ಮೂಲಕ ಗ್ರಾಹಕರ ಒಪ್ಪಿಗೆ ಕೇಳಬೇಕು, ಅದು ಸಿಗದಿದ್ದರೆ ಶುಲ್ಕವಿಲ್ಲದೆ ಕಾರ್ಡಿನ ಖಾತೆಯನ್ನು ಮುಚ್ಚಬೇಕು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನವೇ ಹೇಳುತ್ತದೆ. ಕರೆ ಬಂದ ಸಂಖ್ಯೆಯ ಮೇಲೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ವಂಚನೆಯ ಕರೆಗಳನ್ನು ವರದಿ ಮಾಡಲೆಂದೇ ಇರುವ ‘ಚಕ್ಷು’ ವಿಭಾಗದಲ್ಲಿ ದೂರು ದಾಖಲಿಸಿದ್ದೇನೆ.