"ರಜೆ ಅಂತೆ" ಎಂದು ಮೆಸೇಜು ಬಂದರೆ

ನಾನು ಮಂಗಳೂರಿನ ಬಿಜೈ ಕಡೆಯಿಂದ ಶಾಲೆಗೆ ಮಕ್ಕಳನ್ನು ಬಿಡುವ ರಿಕ್ಷಾದವನು. ಮಳೆಗಾಲ ಶುರುವಾದರೆ ರಾತ್ರಿ ಒಂಬತ್ತರ ಮೇಲೆ ನನ್ನ ಫೋನಿಗೆ ಬರುವ ಪ್ರಶ್ನೆ ಒಂದೇ: "ನಾಳೆ ರಜೆ ಉಂಟಾ?" ಒಂದು ವರ್ಷ ಜಿಲ್ಲಾಧಿಕಾರಿಯ ರಜೆ ಆರ್ಡರಿನ ಫೋಟೋ ನಂಬಿ ಸುಮ್ನೆ ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದರೆ ಮೂರು ಮಕ್ಕಳು ಕೊಡೆ ಹಿಡಿದು ಗೇಟಿನ ಹತ್ತಿರ ನಿಂತಿದ್ದಾರೆ, ಅವರ ಅಮ್ಮಂದಿರು ಸಾಲಾಗಿ ಫೋನು ಮಾಡುತ್ತಿದ್ದಾರೆ. ಫೋಟೋ ಹಿಂದಿನ ವರ್ಷದ್ದು. ತಾರೀಕು ಇದ್ದ ಮೇಲಿನ ತುಂಡನ್ನು ಯಾರೋ ಕತ್ತರಿಸಿದ್ದರು.

ಈಗ ನಾನು ಮೊದಲು ನೋಡುವುದು ಒಂದು ಸಣ್ಣ ಮಾತಿನ ಬಾಲವನ್ನು. "ಅಂತೆ" ಅನ್ನುವುದು ನಮ್ಮ ಭಾಷೆಯಲ್ಲಿ ಉಂಟಲ್ವಾ? "ರಜೆ ಅಂತೆ" ಎಂದರೆ ನಾನು ನೋಡಿದ್ದಲ್ಲ, ಯಾರೋ ಹೇಳಿದ್ದು. ಕದ್ರಿಯಲ್ಲಿ ಹೊರಟ "ರಜೆ ಅಂತೆ" ಕೊಟ್ಟಾರ ಚೌಕಿ ಮುಟ್ಟುವಾಗ ಬರೇ "ರಜೆ" ಆಗಿರುತ್ತದೆ. ಆ ಬಾಲ ಎಲ್ಲಿ ಬಿತ್ತು ಎಂದು ಹುಡುಕಿ. ಕಳಿಸಿದವರನ್ನೇ ಕೇಳಿ: "ಆರ್ಡರ್ ನೀವೇ ನೋಡಿದ್ರಾ, ಯಾರಾದರೂ ಕಳಿಸಿದ್ದಾ?" ಮೆತ್ತಗೆ ಕೇಳಿ ಮಾರಾಯ್ರೆ, ಗಿರಾಕಿ ಹೋದಾರು. ಒಮ್ಮೆ ಐದು ಗ್ರೂಪಿನಲ್ಲಿ ಒಂದೇ ಸುದ್ದಿ ಬಂತು. ಐದು ಕಡೆ ಬಂದ ಮೇಲೆ ನಿಜವೇ ಇರಬೇಕು ಅಂದುಕೊಂಡೆ. ಆದರೂ ಕೇಳುತ್ತಾ ಹೋದೆ. ಐದೂ ಹೋಗಿ ನಿಂತದ್ದು ಒಬ್ಬ ಪಿಯುಸಿ ಹುಡುಗನ ಸ್ಟೇಟಸ್ಸಿನಲ್ಲಿ. ಅವನಿಗೆ ಮರುದಿನ ಟೆಸ್ಟ್ ಇತ್ತಂತೆ.

ಆರ್ಡರಿನ ಫೋಟೋ ಬಂದರೆ ತಾರೀಕಿನ ಜೊತೆ ವಾರವನ್ನೂ ನೋಡಿ. ಇಸವಿ ತಿದ್ದುವವರು ವಾರ ತಿದ್ದಲು ಮರೆಯುತ್ತಾರೆ. ಜುಲೈ 6 ಎಂಬುದು 2023ರಲ್ಲಿ ಗುರುವಾರ, 2024ರಲ್ಲಿ ಶನಿವಾರ, 2025ರಲ್ಲಿ ಭಾನುವಾರ. ಆಮೇಲೆ ಜಿಲ್ಲೆ. ನಮ್ಮ ದಕ್ಷಿಣ ಕನ್ನಡದಿಂದ ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ವಾಟ್ಸಾಪಿಗೆ ಅದು ಇನ್ನೂ ಗೊತ್ತಾಗಿಲ್ಲ. ಉಡುಪಿ ಜಿಲ್ಲೆಯ ಹೆಜಮಾಡಿಗೆ ರಜೆ ಸಿಕ್ಕಿದರೆ ಶಾಂಭವಿ ಹೊಳೆಯ ಈಚೆಗಿನ ಮೂಲ್ಕಿಗೂ ಸಿಕ್ಕಿತು ಅಂತ ಅಲ್ಲ.

ರೆಡ್ ಅಲರ್ಟ್ ಎಂದರೆ ರಜೆ ಎಂದು ತುಂಬಾ ಜನ ತಿಳಿದಿದ್ದಾರೆ. ಹವಾಮಾನ ಇಲಾಖೆ ಹೇಳುವುದು ಮಳೆಯ ವಿಷಯ ಮಾತ್ರ: 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಜಾಸ್ತಿ ಬರುವ ಲಕ್ಷಣ ಇದ್ದರೆ ರೆಡ್, 115.6ರಿಂದ 204.4ರವರೆಗೆ ಆದರೆ ಆರೆಂಜ್. ರಜೆ ಕೊಡುವುದು ಜಿಲ್ಲಾಧಿಕಾರಿ. ಮಳೆಗೆ ಇಲಾಖೆಯನ್ನು ಕೇಳಿ, ರಜೆಗೆ ಜಿಲ್ಲಾಡಳಿತದ ಪುಟ ನೋಡಿ, ಇಲ್ಲವೇ ಶಾಲೆಗೇ ಫೋನು ಮಾಡಿ. ನಿಮ್ಮ ಮನೆಯ ಕಿಟಕಿ ನಿಮ್ಮ ಅಂಗಳದ ಸುದ್ದಿ ಮಾತ್ರ ಹೇಳುತ್ತದೆ. ಪಣಂಬೂರಿನಲ್ಲಿ ಬಿಸಿಲು ಇರುವಾಗ ಬಜಪೆಯಲ್ಲಿ ಹನಿ ಕಡಿಯದೆ ಸುರಿಯುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ.

ಇಷ್ಟು ಮಾಡಿದರೂ ಕೆಲವು ಬೆಳಿಗ್ಗೆ ಗೊತ್ತಾಗುವುದೇ ಇಲ್ಲ. ಆಗ ನಾನು ರಿಕ್ಷಾ ತೆಗೆಯುತ್ತೇನೆ. ರಜೆ ಇದ್ದು ನಾನು ಹೋದರೆ ಸ್ವಲ್ಪ ಗ್ಯಾಸು ದಂಡ. ಶಾಲೆ ಇದ್ದು ಹೋಗದಿದ್ದರೆ ಮೂರು ಮಕ್ಕಳು ಮಳೆಯಲ್ಲಿ.

ಕಳೆದ ವಾರ ಒಬ್ಬ ಹುಡುಗನ ಅಮ್ಮನ ಫೋನಿನಿಂದ ಒಂದು ವಾಯ್ಸ್ ಮೆಸೇಜು ಬಂತು: "ಮಾಮ, ನಾಳೆ ರಜೆ ಅಂತೆ, ಬರ್ಬೇಡಿ." ಎರಡನೇ ಕ್ಲಾಸಿನವನು. ಯಾರು ಹೇಳಿದ್ದು ಮಗಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು: "ನಾನೇ."